ನಾಲ್ಕು ತಿಂಗಳು ಕ್ಲಾಸು, ನಾಲ್ಕು ತಿಂಗಳು ಹೊಲ: ಪ್ಲಾಂಟ್ ಸೈನ್ಸ್ ಕೋ-ಆಪ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಕೆನಡಾದ ಯೂನಿವರ್ಸಿಟಿಗಳಲ್ಲಿ ಸಸ್ಯವಿಜ್ಞಾನ ಓದ್ತಾ ಮಧ್ಯೆ ಮಧ್ಯೆ ಸಂಬಳದ ಕೆಲಸಕ್ಕೂ ಹೋಗಿ ಬರೋ ಕೋ-ಆಪ್ ಪದ್ಧತಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ, ಅದಕ್ಕೆ ಬಂದಿರೋ ಪ್ರಶ್ನೆಗಳು ನೋಡಿದ್ರೆ ಈ ಸಲ ಬೇರೆ ವಿಷಯಕ್ಕೆ ಜಾಗಾನೇ ಇಲ್ಲ. ನಾನು ಅಲ್ಲಿನ ಒಂಟಾರಿಯೋ ಪ್ರಾಂತ್ಯದಲ್ಲಿ ಗೋಧಿ, ಸೋಯಾ ತಳಿಗಳನ್ನ ಪರೀಕ್ಷೆ ಮಾಡೋ ಟ್ರಯಲ್ ಪ್ಲಾಟುಗಳ ಕೆಲಸದಲ್ಲಿರೋಳು, ಬೇಸಿಗೆ ಬಂತು ಅಂದ್ರೆ ನಮ್ಮಲ್ಲಿಗೆ ಕೋ-ಆಪ್ ಹುಡುಗ ಹುಡುಗೀರು ಬರ್ತಾರೆ, ಹಾಗಾಗಿ ಬ್ರೋಷರ್‌ನಲ್ಲಿ ಬರ್ದಿರೋದಕ್ಕಿಂತ ಪ್ಲಾಟಿನಲ್ಲಿ ಕಣ್ಣಿಗೆ ಬಿದ್ದಿದ್ದನ್ನೇ ಜಾಸ್ತಿ ಹೇಳ್ತೀನಿ.

ಪ್ರಶ್ನೆ: ಮಗಳು ಸೆಕೆಂಡ್ ಪಿಯು, ಪಿಸಿಎಂಬಿ. ನೀಟ್ ಬೇಡ್ವಂತೆ, ಗಿಡಗಳ ಬಗ್ಗೆ ಓದ್ಬೇಕಂತೆ. ಏಜೆಂಟ್ ಒಬ್ರು ಕೋ-ಆಪ್ ಇರೋ ಕೋರ್ಸೇ ತಗೊಳ್ಳಿ, ಕೆಲಸ ಗ್ಯಾರಂಟಿ ಅಂತಿದ್ದಾರೆ. ಇದು ಇಂಟರ್ನ್‌ಶಿಪ್ ತರಾನೇ ಅಲ್ವಾ? — ಒಬ್ಬ ತಂದೆ, ತುಮಕೂರು

ಗ್ಯಾರಂಟಿ ಅನ್ನೋ ಮಾತನ್ನ ಮೊದಲು ತಲೆಯಿಂದ ತೆಗೆದುಹಾಕಿ ಸರ್. ಕೋ-ಆಪ್‌ನಲ್ಲಿ ಯೂನಿವರ್ಸಿಟಿ ನಿಮಗೆ ಕೊಡೋದು ಏನಪ್ಪಾ ಅಂದ್ರೆ, ಕೆಲಸಕ್ಕೆ ಹೋಗೋಕೆ ಅಂತಲೇ ಬಿಡುವು ಇಟ್ಟಿರೋ ಟೈಮ್‌ಟೇಬಲ್ಲು, ಉದ್ಯೋಗಗಳ ಪಟ್ಟಿ ಇರೋ ಒಂದು ಪೋರ್ಟಲ್ಲು, ರೆಸ್ಯೂಮೆ-ಇಂಟರ್ವ್ಯೂ ತರಬೇತಿ, ಮತ್ತೆ ಆ ಕೆಲಸ ಡಿಗ್ರಿಯ ಭಾಗ ಅಂತ ಮಾರ್ಕ್ಸ್ ಕಾರ್ಡಲ್ಲಿ ಒಂದು ಗುರುತು. ಅರ್ಜಿ ಹಾಕೋದು, ಇಂಟರ್ವ್ಯೂ ಕೊಡೋದು, ಬೇರೆಯವರ ಜೊತೆ ಪೈಪೋಟಿ ಮಾಡಿ ಗೆಲ್ಲೋದು ಎಲ್ಲಾ ಹುಡುಗೀನೇ ಮಾಡ್ಬೇಕು. ಇಂಟರ್ನ್‌ಶಿಪ್ ಅಂದ್ರೆ ಸಾಮಾನ್ಯವಾಗಿ ಒಂದ್ಸಲ ಹೋಗಿ ಬರೋದು, ಕೋ-ಆಪ್‌ನಲ್ಲಿ ಓದು ಕೆಲಸ ಓದು ಕೆಲಸ ಅಂತ ಹಲವು ಸುತ್ತು ಇರುತ್ತೆ, ಪ್ರತಿ ಸುತ್ತು ಸುಮಾರು ನಾಲ್ಕು ತಿಂಗಳು, ಮುಗಿದ ಮೇಲೆ ರಿಪೋರ್ಟ್ ಬರೀಬೇಕು, ಮೇಲಿನವರು ಮೌಲ್ಯಮಾಪನ ಬರೀತಾರೆ. ಈ ಪದ್ಧತಿ ಹೊಸದೇನಲ್ಲ, ಅಮೆರಿಕದ ಸಿನ್ಸಿನಾಟಿ ಯೂನಿವರ್ಸಿಟಿಯಲ್ಲಿ 1906ರಲ್ಲಿ ಇಂಜಿನಿಯರಿಂಗ್ ಹುಡುಗ್ರಿಗೆ ಶುರುವಾಗಿದ್ದು, ಕೆನಡಾಕ್ಕೆ 1957ರಲ್ಲಿ ವಾಟರ್‌ಲೂ ಮೂಲಕ ಬಂತು.

ಇನ್ನೊಂದು, ಯೂನಿವರ್ಸಿಟಿಯಲ್ಲಿ ಕೋ-ಆಪ್ ಇದೆ ಅಂದ ಮಾತ್ರಕ್ಕೆ ನಿಮ್ಮ ಮಗಳ ಮುಖ್ಯ ವಿಷಯಕ್ಕೂ, ಅಂದ್ರೆ ಮೇಜರ್‌ಗೂ ಇದೆ ಅಂತಲ್ಲ. ವಾಟರ್‌ಲೂನಲ್ಲಿ ಬಯಾಲಜಿಗೆ ಕೋ-ಆಪ್ ಇದೆ, ಆದ್ರೆ ಅಲ್ಲಿ ಕೃಷಿ ಕಾಲೇಜಿಲ್ಲ. ಗ್ವೆಲ್ಫ್‌ನಲ್ಲಿ 1874ರಿಂದ ಬಂದಿರೋ ಒಂಟಾರಿಯೋ ಕೃಷಿ ಕಾಲೇಜಿದೆ, ಆದ್ರೆ ಅಲ್ಲಿ ಯಾವ ಮೇಜರ್‌ಗೆ ಕೋ-ಆಪ್ ಅಂತ ಆ ವರ್ಷದ ಕ್ಯಾಲೆಂಡರ್ (ಕೋರ್ಸುಗಳ ವಿವರ ಇರೋ ಕೈಪಿಡಿ) ತೆಗೆದು ಹೆಸರಿಡಿದು ನೋಡ್ಬೇಕು. ವ್ಯಾಂಕೂವರ್‌ನ ಯುಬಿಸಿಯಲ್ಲಿ ಭೂಮಿ ಮತ್ತು ಆಹಾರ ವಿಭಾಗದವರಿಗೆ ಅವಕಾಶ ಇದೆ. ಏಜೆಂಟ್ ಹತ್ರ ಕೇಳ್ಬೇಡಿ, ಕೋ-ಆಪ್ ಆಫೀಸಿಗೆ ಮಗಳೇ ಇಮೇಲ್ ಮಾಡ್ಲಿ, ಉತ್ತರ ಬರುತ್ತೆ.

ಹಾಗೆ ಇಮೇಲ್ ಮಾಡಿದಾಗ ಯಾರೂ ಕೇಳದ ಒಂದು ಪ್ರಶ್ನೆ ಕೇಳೋಕೆ ಹೇಳಿ: ಕೆಲಸದ ಸೆಮಿಸ್ಟರುಗಳು ಯಾವ ತಿಂಗಳಲ್ಲಿ ಬೀಳ್ತವೆ? ಕಂಪ್ಯೂಟರ್ ಓದೋರಿಗೆ ಜನವರಿಯೂ ಒಂದೇ ಜುಲೈಯೂ ಒಂದೇ, ನಮಗೆ ಹಾಗಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಹೊಲದ ಮೇಲೆ ಹಿಮ, ಆಗ ಸಿಗೋದು ಗ್ರೀನ್‌ಹೌಸು, ಲ್ಯಾಬು, ಬೀಜ ಪರೀಕ್ಷೆ. ಮೇಯಿಂದ ಆಗಸ್ಟ್‌ವರೆಗೆ ಹೋದ್ರೆ ಸೋಯಾ ಬಿತ್ತೋದು ನೋಡ್ತಾಳೆ, ಗೋಧಿ ಹೂ ಬಿಡೋದು, ರೋಗ ಬರೋದು, ಜುಲೈನಲ್ಲಿ ಕಟಾವು ಎಲ್ಲಾ ನೋಡ್ತಾಳೆ, ಆದ್ರೆ ತಾನೇ ಬಿತ್ತಿದ ಸೋಯಾ ಕೊಯ್ಯೋ ಹೊತ್ತಿಗೆ ವಾಪಸ್ ಕ್ಲಾಸಿನಲ್ಲಿ ಕೂತಿರ್ತಾಳೆ. ಅದಕ್ಕೇ ಪ್ರೋಗ್ರಾಮ್‌ನಲ್ಲಿ ಎರಡು ಸುತ್ತು ಜೋಡಿಸಿ ಮೇಯಿಂದ ಡಿಸೆಂಬರ್‌ವರೆಗೆ ಎಂಟು ತಿಂಗಳು ಒಂದೇ ಕಡೆ ಇರೋಕೆ ಬಿಡ್ತಾರಾ ಅಂತ ಕೇಳಿ. ಬಿಡೋದಾದ್ರೆ, ನನ್ನ ಪ್ರಕಾರ ರ‍್ಯಾಂಕಿಂಗ್ ಗೀಂಕಿಂಗ್ ಎಲ್ಲಕ್ಕಿಂತ ದೊಡ್ಡ ಪ್ಲಸ್ ಪಾಯಿಂಟ್ ಅದು. ಬಿತ್ತಿದ ಪ್ಲಾಟನ್ನ ತಾನೇ ಕೊಯ್ದು, ತೂಕ ಹಾಕಿ, ಅಂಕಿ ಅಂಶ ಎಕ್ಸೆಲ್‌ಗೆ ಏರಿಸಿದ ಹುಡುಗಿ ಇಂಟರ್ವ್ಯೂನಲ್ಲಿ ಮಾತಾಡೋ ಧಾಟಿಯೇ ಬೇರೆ ಇರುತ್ತೆ.

ಪ್ರಶ್ನೆ: ನಮ್ಮ ಹುಡುಗ ಅಲ್ಲಿಗೆ ಹೋಗಿ ಫೋನ್ ಮಾಡಿದ್ರೆ ಇವತ್ತು ಕಳೆ ಕಿತ್ತೆ, ನಿನ್ನೆ ಕಡ್ಡಿ ನೆಟ್ಟೆ, ಲೇಬಲ್ ಕಟ್ಟಿದೆ ಅಂತಾನೆ. ಲಕ್ಷಗಟ್ಲೆ ಸಾಲ ಮಾಡಿ ಕಳ್ಸಿದ್ದು ಕಳೆ ಕೀಳೋಕಾ? ಅದನ್ನ ನಮ್ಮ ಹೊಲದಲ್ಲೇ ಮಾಡ್ಬಹುದಿತ್ತು. — ದಾವಣಗೆರೆ ಕಡೆಯ ರೈತರು

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ, ನಗೂನೂ ಬಂತು, ಬೇಜಾರಾಗ್ಬೇಡಿ. ಆದ್ರೆ ಅವನು ಕಿತ್ತ ಕಳೆ ನಿಮ್ಮ ಹೊಲದ ಕಳೆ ಅಲ್ಲ. ಟ್ರಯಲ್ ಪ್ಲಾಟ್ ಅಂದ್ರೆ ಪುಟ್ಟ ಪುಟ್ಟ ಪಟ್ಟಿಗಳು, ಒಂದೊಂದ್ರಲ್ಲಿ ಒಂದೊಂದು ತಳಿ, ಅದೇ ತಳಿ ಮತ್ತೆ ಬೇರೆ ಸಾಲಲ್ಲಿ ಬೇರೆ ಜಾಗದಲ್ಲಿ, ಎಲ್ಲಿ ಯಾವುದು ಅಂತ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನ ಮಾಡಿರುತ್ತೆ. ಯಾಕಂದ್ರೆ ಹೊಲದ ಒಂದು ಮೂಲೆ ಫಲವತ್ತು, ಇನ್ನೊಂದು ಮೂಲೆ ಜವುಗು ಇದ್ರೆ ಅದರ ಲಾಭ ನಷ್ಟ ಒಂದೇ ತಳಿಯ ಪಾಲಿಗೆ ಬರಬಾರ್ದು. ಒಂದು ಪಟ್ಟಿಯಲ್ಲಿ ಕಳೆ ಬಿಟ್ರೆ ಆ ತಳಿ ಇಳುವರಿ ಕಮ್ಮಿ ಅಂತ ಬರುತ್ತೆ, ಒಳ್ಳೇ ತಳಿ ಪಟ್ಟಿಯಿಂದ ಹೊರಗೆ. ಲೇಬಲ್ ಒಂದು ಅದಲು ಬದಲಾದ್ರೆ ಇನ್ನೂ ಕಷ್ಟ, ವರ್ಷದ ಕೆಲಸ ಮಣ್ಣುಪಾಲು, ಅದೂ ಯಾರಿಗೂ ಗೊತ್ತಾಗದ ಹಾಗೆ. ಅದಕ್ಕೇ ಲೇಬಲ್ ಕಟ್ಟೋ ಹುಡುಗನ ಬೆನ್ನ ಹಿಂದೆ ಇನ್ನೊಬ್ಬರು ಓದ್ತಾ ಹೋಗ್ತಾರೆ.

ಜೂನ್ ಮೊದಲ ವಾರದ ಹೊತ್ತಿಗೆ ಅವನಿಗೆ ಫೋನ್ ಮಾಡಿ ಗೋಧಿ ಕ್ರಾಸಿಂಗ್ ಬಗ್ಗೆ ಕೇಳಿ. ಗೋಧಿ ಹೂವಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರುತ್ತೆ, ತನ್ನ ಪಾಡಿಗೆ ತಾನೇ ಪರಾಗಸ್ಪರ್ಶ ಮಾಡ್ಕೊಂಡುಬಿಡುತ್ತೆ. ಎರಡು ತಳಿ ಕೂಡಿಸ್ಬೇಕು ಅಂದ್ರೆ ಹೂ ಅರಳೋಕೆ ಮುಂಚೆನೇ ತೆನೆಯ ಒಂದೊಂದು ಹೂವಿನ ತುದಿ ಕತ್ತರಿಸಿ, ಚಿಮುಟದಲ್ಲಿ ಒಳಗಿರೋ ಮೂರು ಪರಾಗಕೋಶ ತೆಗೀಬೇಕು. ಮೂರೂ ಹಸಿರಾಗಿರ್ಬೇಕು, ಹಳದಿಗೆ ತಿರುಗಿದ್ರೆ ತಡವಾಯ್ತು ಅಂತ ಅರ್ಥ, ಒಂದು ಒಡೆದ್ರೂ ಆ ಹೂ ಬಿಟ್ಟುಬಿಡಬೇಕು. ಎಲ್ಲಾ ತೆಗೆದ ಮೇಲೆ ತೆನೆಗೆ ಸಣ್ಣ ಪೇಪರ್ ಕವರ್ ಹಾಕಿ, ತಾರೀಕು ಬರೆದು, ಎರಡು ಮೂರು ದಿನ ಬಿಟ್ಟು ಬಂದು ಇನ್ನೊಂದು ತಳಿಯ ಪರಾಗ ಉದುರ್ತಿರೋ ತೆನೆಯನ್ನ ಆ ಕವರಿನೊಳಗೆ ಇಳಿಸಿ ತಿರುಗಿಸ್ತಾರೆ. ಬೆನ್ನು ಬಗ್ಗಿಸಿ ಕೂತು ಮಾಡೋ ಕೆಲಸ, ಒಂದು ತೆನೆಯಲ್ಲಿ ಸಿಗೋದು ನಾಲ್ಕಾರು ಕಾಳು, ಹತ್ತು ವರ್ಷ ಆದ್ಮೇಲೆ ಅದರಲ್ಲಿ ಒಂದು ತಳಿ ಆದ್ರೆ ಪುಣ್ಯ.

ಇದನ್ನ ಹೇಳೋಕೆ ಕಾರಣ ಇದೆ. ಕೆನಡಾದ ಬಯಲು ಸೀಮೆಯನ್ನ ಗೋಧಿ ಕಣಜ ಮಾಡಿದ ಮಾರ್ಕ್ವಿಸ್ ಅನ್ನೋ ತಳಿ ಇದೇ ತರಾ ಚಿಮುಟದ ಕೆಲಸದಿಂದ ಬಂದಿದ್ದು. ಅದರ ಒಂದು ಪಾಲಕ ತಳಿ ಅಲ್ಲಿನ ರೆಡ್ ಫೈಫ್, ಇನ್ನೊಂದು ನಮ್ಮ ದೇಶದಿಂದ ಹೋದ ಹಾರ್ಡ್ ರೆಡ್ ಕಲ್ಕತ್ತಾ! ಬೇಗ ಮಾಗೋ ಗುಣ ಕೊಟ್ಟಿದ್ದು ಈ ಕಲ್ಕತ್ತಾ ಗೋಧಿ, ಬೇಗ ಮಾಗಿದ್ರಿಂದಲೇ ಹಿಮ ಬೀಳೋಕೆ ಮುಂಚೆ ಕಟಾವು ಮಾಡೋಕೆ ಆಯ್ತು. ಒಟ್ಟಾವದ ಸರ್ಕಾರಿ ಫಾರ್ಮ್‌ನಲ್ಲಿ ಚಾರ್ಲ್ಸ್ ಸಾಂಡರ್ಸ್ ಅನ್ನೋರು ಕಾಳುಗಳನ್ನ ಬಾಯಲ್ಲಿ ಅಗಿದು ಅಗಿದು ಅಂಟು ಎಷ್ಟಿದೆ ಅಂತ ನೋಡಿ ಆರಿಸ್ತಿದ್ರಂತೆ. ಹಾಗಾಗಿ ನಿಮ್ಮ ಮಗ ಕಳೆ ಕೀಳ್ಲಿ ಬಿಡಿ. ಆದ್ರೆ ಎಂಟು ತಿಂಗಳಾದ್ರೂ ಬರೀ ಕಳೆನೇ ಕೀಳಿಸ್ತಿದ್ದಾರೆ, ಡೇಟಾ ಮುಟ್ಟೋಕೆ ಬಿಡ್ತಿಲ್ಲ, ಯಾಕೆ ಮಾಡ್ತಿದ್ದೀವಿ ಅಂತ ಹೇಳ್ತಿಲ್ಲ ಅಂದ್ರೆ ಮಾತ್ರ ಅವನು ಕೋ-ಆಪ್ ಆಫೀಸಿಗೆ ದೂರು ಕೊಡ್ಬೇಕು, ಅವರು ಇರೋದೇ ಅದಕ್ಕೆ.

ಪ್ರಶ್ನೆ: ನಾನು ಶಿರಸಿ ಹತ್ರದವನು, ನಮ್ದು ಅಡಿಕೆ ತೋಟ. ರೆಸ್ಯೂಮೆಯಲ್ಲಿ ಬರೆಯೋಕೆ ನನ್ನತ್ರ ಏನೂ ಇಲ್ಲ, ಯಾವ ಕಂಪನಿಯಲ್ಲೂ ಕೆಲಸ ಮಾಡಿಲ್ಲ. ಏನ್ಮಾಡ್ಲಿ?

ಏನೂ ಇಲ್ವಾ! ಮಾರಾಯ, ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಕಲಸಿದ್ದೀಯೋ ಇಲ್ವೋ? 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸೋದು, ಕಬ್ಬಿಣದ ಕತ್ತಿ ಅದ್ದಿ ತೆಗೆದು ಕೆಂಪಗೆ ಆಗುತ್ತಾ ಅಂತ ನೋಡೋದು, ಆದ್ರೆ ಇನ್ನೊಂಚೂರು ಸುಣ್ಣ ಹಾಕೋದು. ಇದನ್ನ ಹೀಗೇ ಬರಿ, ಶಿಲೀಂಧ್ರನಾಶಕ ತಯಾರಿ, ಅಳತೆ, ತಾಮ್ರ ಹೆಚ್ಚಾಗಿದೆಯಾ ಅನ್ನೋ ಪರೀಕ್ಷೆ, ಇಷ್ಟು ಎಕರೆ, ಇಷ್ಟು ವರ್ಷ ಅಂತ. ಕೊಳೆರೋಗ ತರೋ ಫೈಟಾಫ್ತೊರ ಇದೆಯಲ್ಲ, ಅದರ ದಾಯಾದಿನೇ ಅಲ್ಲಿ ಆಲೂಗಡ್ಡೆಗೆ ಬರೋ ಅಂಗಮಾರಿಗೆ ಕಾರಣ. ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲೋ ನ್ಯೂ ಬ್ರನ್ಸ್‌ವಿಕ್‌ನಲ್ಲೋ ಆಲೂಗಡ್ಡೆ ಕೆಲಸಕ್ಕೆ ಅರ್ಜಿ ಹಾಕಿದ್ರೆ, ತೇವಾಂಶ ಜಾಸ್ತಿ ಇದ್ದಾಗ ರೋಗ ಹೇಗೆ ಓಡುತ್ತೆ ಅಂತ ನಿಂಗೆ ಗೊತ್ತಿರೋಷ್ಟು ಟೊರೊಂಟೊದ ಹುಡುಗನಿಗೆ ಗೊತ್ತಿರಲ್ಲ.

ಇಲ್ಲೊಂದು ಸೇರಿಸ್ಲೇಬೇಕು. ನಿಮ್ಮ ಮಲೆನಾಡಿನ ಕೊಳೆರೋಗವನ್ನ ವೈಜ್ಞಾನಿಕವಾಗಿ ಅಧ್ಯಯನ ಮಾಡಿ ಬೋರ್ಡೋ ಸಿಂಪಡಣೆ ಹರಡಿದ ಲೆಸ್ಲಿ ಕೋಲ್ಮನ್ ಹುಟ್ಟಿದ್ದು ಒಂಟಾರಿಯೋದಲ್ಲೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ್ರು, ಕೀಟ ಮತ್ತೆ ಶಿಲೀಂಧ್ರ ತಜ್ಞರಾಗಿ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಗಿದ್ದು, 1925ರಲ್ಲಿ ಬಾಳೆಹೊನ್ನೂರು ಕಡೆ ಕಾಫಿ ಸಂಶೋಧನಾ ಕೇಂದ್ರ ಆಗಿದ್ದು ಎಲ್ಲಾ ಅವರ ಕಾಲದಲ್ಲೇ. ಕೆನಡಾದವನೊಬ್ಬ ಅಡಿಕೆ ತೋಟದಲ್ಲಿ ಕಲಿತು ಹೋದ, ಈಗ ಅಡಿಕೆ ತೋಟದವನು ಅಲ್ಲಿ ಕಲಿಯೋಕೆ ಹೋಗ್ತಿದ್ದಾನೆ, ಕವರ್ ಲೆಟರ್‌ನಲ್ಲಿ ಎರಡು ಸಾಲು ಇದನ್ನ ಬರೆದ್ರೂ ತಪ್ಪಿಲ್ಲ ಬಿಡು, ಓದೋರಿಗೆ ನೆನಪಿರುತ್ತೆ.

ಮತ್ತೆ, 18 ತುಂಬಿದ ತಕ್ಷಣ ಕಾರ್ ಲೈಸೆನ್ಸ್ ಮಾಡಿಸ್ಕೋ, ಬೈಕ್ ಅಲ್ಲ. ಹೊಲ ಹೊಲ ಸುತ್ತಿ ಕೀಟ, ರೋಗ ಎಣಿಸೋ ಸ್ಕೌಟಿಂಗ್ ಕೆಲಸಗಳ ಜಾಹೀರಾತಲ್ಲಿ ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ ಅಂತಲೇ ಇರುತ್ತೆ, ಹೊಲಕ್ಕೆ ಬಸ್ಸು ಹೋಗಲ್ವಲ್ಲ. ಹೊರಡೋ ಮುಂಚೆ ಆರ್‌ಟಿಓದಿಂದ ಲೈಸೆನ್ಸ್ ಯಾವಾಗಿಂದ ಇದೆ ಅಂತ ತೋರಿಸೋ ಲೈಸೆನ್ಸ್ ಎಕ್ಸ್‌ಟ್ರ್ಯಾಕ್ಟ್ ತಗೊಂಡು ಹೋಗು, ಹಳೇ ಅನುಭವಕ್ಕೆ ಪುರಾವೆ ಇದ್ರೆ ಒಂಟಾರಿಯೋದಲ್ಲಿ ರೋಡ್ ಟೆಸ್ಟಿಗೆ ಕಾಯೋ ಅವಧಿ ಕಮ್ಮಿಯಾಗುತ್ತೆ. ಒಳ್ಳೊಳ್ಳೇ ಮಾರ್ಕ್ಸ್ ಇರೋ ನಮ್ಮ ಹುಡುಗ್ರು ಇದೊಂದೇ ಕಾರಣಕ್ಕೆ ಹೊಲದ ಕೆಲಸ ಕಳ್ಕೊಳ್ತಾರೆ, ನೋಡೋಕೆ ಸಂಕಟ ಆಗುತ್ತೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಬೆಳೆದವಳು, ಬಾಲ್ಕನಿಯ ತುಳಸಿ ಬಿಟ್ರೆ ಏನೂ ಬೆಳೆಸಿಲ್ಲ. ನಾನು ಫಿಟ್ ಆಗ್ತೀನಾ? — ವಿದ್ಯಾರ್ಥಿನಿ, ರಾಜಾಜಿನಗರ

ಆಗ್ತೀರಾ. ಅಲ್ಲಿ ಕ್ಲಾಸಲ್ಲಿ ಪಟ್ಟಣದವರೂ ಇರ್ತಾರೆ. ನಿಮ್ಮಂಥವರಿಗೆ ಮೊದಲ ಸುತ್ತು ಚಳಿಗಾಲದಲ್ಲಿ ಬಿದ್ರೂ ನಷ್ಟ ಇಲ್ಲ, ಬೀಜ ಪರೀಕ್ಷೆ ಲ್ಯಾಬಿಗೆ ಹೋಗಿ. ಒಂದು ಬ್ಯಾಚಿಂದ 400 ಬೀಜ ಎಣಿಸಿ, ನೂರು ನೂರರಂತೆ ಒದ್ದೆ ಪೇಪರಲ್ಲಿ ಸುತ್ತಿ, ಮೊಳಕೆ ಬಂದ ಮೇಲೆ ಬಿಚ್ಚಿ ಇದು ಸರಿಯಾದ ಸಸಿ, ಇದು ಬೇರಿಲ್ಲದ್ದು, ಇದು ಕೊಳೆತಿದ್ದು ಅಂತ ವಿಂಗಡಿಸೋದು. ಗಿಡವನ್ನ ಸೂಕ್ಷ್ಮವಾಗಿ ನೋಡೋ ಕಣ್ಣು ಅಲ್ಲೇ ಬರೋದು. ಒಂಟಾರಿಯೋದ ಲೀಮಿಂಗ್ಟನ್ ಸುತ್ತಮುತ್ತ ಉತ್ತರ ಅಮೆರಿಕದಲ್ಲೇ ದೊಡ್ಡ ಗ್ರೀನ್‌ಹೌಸ್ ಪ್ರದೇಶ ಇದೆ, ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ, ಸೌತೆಕಾಯಿ, ಅಲ್ಲೂ ಚಳಿಗಾಲದಲ್ಲಿ ಕೆಲಸ ಇರುತ್ತೆ. ಅಲ್ಲಿವರೆಗೆ ಜಿಕೆವಿಕೆ ಕೃಷಿಮೇಳಕ್ಕೆ ಹೋಗಿ ಬನ್ನಿ, ಬರೀ ಮಸಾಲೆ ಮಂಡಕ್ಕಿ ತಿಂದು ವಾಪಸ್ ಬರಬೇಡಿ ಅಷ್ಟೇ, ತಳಿ ಪ್ರಾತ್ಯಕ್ಷಿಕೆ ತಾಕು ನೋಡಿ, ಬೋರ್ಡ್ ಓದಿ, ಅಲ್ಲಿ ನಿಂತಿರೋ ವಿಜ್ಞಾನಿಗಳಿಗೆ ಪ್ರಶ್ನೆ ಕೇಳಿ.

ಪ್ರಶ್ನೆ: ಕೋ-ಆಪ್ ಸಂಬಳದಲ್ಲೇ ಫೀಸ್ ಕಟ್ಕೋಬಹುದಾ? — ಮೈಸೂರು

ಆಗಲ್ಲ. ಲೆಕ್ಕ ಹಾಕಿ ತೋರಿಸ್ತೀನಿ. ಒಂಟಾರಿಯೋದಲ್ಲಿ 2025ರ ಅಕ್ಟೋಬರಿಂದ ಸಾಮಾನ್ಯ ಕನಿಷ್ಠ ವೇತನ ಗಂಟೆಗೆ 17.60 ಡಾಲರ್. ವಾರಕ್ಕೆ 37.5 ಗಂಟೆ, 16 ವಾರ ಅಂದ್ರೆ 600 ಗಂಟೆ, ಅಂದ್ರೆ 10,560 ಡಾಲರ್, ಅದರಲ್ಲಿ ಕಡಿತ ಇದೆ, ಕೋ-ಆಪ್ ಫೀಸ್ ಅಂತ ಯೂನಿವರ್ಸಿಟಿ ಬೇರೆ ತಗೊಳ್ಳುತ್ತೆ, ಹಳ್ಳಿ ಕಡೆ ಕೆಲಸ ಸಿಕ್ರೆ ಇನ್ನೊಂದು ರೂಮ್ ಬಾಡಿಗೆ. ಸ್ಟಡಿ ಪರ್ಮಿಟ್‌ಗೆ ಒಬ್ಬರ ಒಂದು ವರ್ಷದ ಜೀವನ ಖರ್ಚಿಗೆ ಅಂತ ಕೆನಡಾ ಸರ್ಕಾರ ತೋರಿಸೋಕೆ ಹೇಳೋದೇ 22,895 ಡಾಲರ್, 2025ರ ಸೆಪ್ಟೆಂಬರಿಂದ. ಅಂದ್ರೆ ಒಂದು ಸುತ್ತಿನ ಕನಿಷ್ಠ ಸಂಬಳ ಅದರ ಅರ್ಧಕ್ಕೂ ಬರಲ್ಲ, ಫೀಸಂತೂ ದೂರದ ಮಾತು, ಹೊರದೇಶದವರಿಗೆ ಫೀಸು ಅಲ್ಲಿಯವರಿಗಿಂತ ಹಲವು ಪಟ್ಟು ಜಾಸ್ತಿ. ಕಂಪನಿ ಕೆಲಸಗಳಲ್ಲಿ ಇದಕ್ಕಿಂತ ಮೇಲೆ ಕೊಡೋರೂ ಇದ್ದಾರೆ, ಆದ್ರೆ ಅಲ್ಲಿ ನೇರವಾಗಿ ಬೆಳೆ ಬೆಳೆಯೋ ಫಾರ್ಮ್ ಕೆಲಸಗಾರರಿಗೆ ಕನಿಷ್ಠ ವೇತನ, ಓವರ್‌ಟೈಮ್ ನಿಯಮಗಳಿಂದ ವಿನಾಯಿತಿ ಇದೆ, ಹಾಗಾಗಿ ಆಫರ್ ಲೆಟರ್‌ನಲ್ಲಿ ಗಂಟೆಗೆ ಎಷ್ಟು, ವಾರಕ್ಕೆ ಎಷ್ಟು ಗಂಟೆ ಅಂತ ಓದಿಯೇ ಸಹಿ ಹಾಕ್ಬೇಕು. ಬ್ಯಾಂಕ್ ಸಾಲದ ಲೆಕ್ಕದಲ್ಲಿ ಕೋ-ಆಪ್ ಆದಾಯವನ್ನ ಸೊನ್ನೆ ಅಂತಲೇ ಇಟ್ಕೊಳ್ಳಿ, ಬಂದಿದ್ದು ಲಾಭ.

ಪ್ರಶ್ನೆ: ಅಲ್ಲಿಯವರಿಗೇ ಮೊದಲು ಕೆಲಸ, ಹೊರಗಿನವರಿಗೆ ಉಳಿದಿದ್ದು ಅಂತಾರಲ್ಲ, ನಿಜಾನಾ?

ಸ್ವಲ್ಪ ಮಟ್ಟಿಗೆ ನಿಜ, ಅದಕ್ಕೆ ಕಾರಣಾನೂ ಇದೆ. ವಿದ್ಯಾರ್ಥಿಗಳನ್ನ ತಗೊಂಡ್ರೆ ಸಂಬಳದ ಒಂದು ಭಾಗ ಸರ್ಕಾರ ಕೊಡೋ ಸ್ಕೀಮುಗಳಿವೆ, ಆ ದುಡ್ಡು ಕೆನಡಾ ನಾಗರಿಕರು, ಪಿಆರ್ (ಕಾಯಂ ವಾಸದ ಅನುಮತಿ) ಇರೋರು, ಆಶ್ರಯ ಪಡೆದವರು ಇವರನ್ನ ತಗೊಂಡ್ರೆ ಮಾತ್ರ. ಸಣ್ಣ ಕಂಪನಿಯವನು ಲೆಕ್ಕ ಹಾಕೇ ಹಾಕ್ತಾನೆ. ಕೇಂದ್ರ ಸರ್ಕಾರದ ಕೃಷಿ ಸಂಶೋಧನಾ ಕೇಂದ್ರಗಳ ವಿದ್ಯಾರ್ಥಿ ಹುದ್ದೆಗಳಲ್ಲೂ ಅಲ್ಲಿಯವರಿಗೇ ಆದ್ಯತೆ. ಹಾಗಾಗಿ ನಮ್ಮ ಮಕ್ಕಳಿಗೆ ಬಾಗಿಲು ಸುಲಭವಾಗಿ ತೆರೆಯೋದು ಯೂನಿವರ್ಸಿಟಿ ಪ್ರೊಫೆಸರ್‌ಗಳ ತಳಿ ಅಭಿವೃದ್ಧಿ ತಂಡಗಳಲ್ಲಿ, ದೊಡ್ಡ ಬೀಜ ಕಂಪನಿಗಳಲ್ಲಿ, ಗ್ರೀನ್‌ಹೌಸುಗಳಲ್ಲಿ. ಮೊದಲ ವರ್ಷದಲ್ಲೇ ಪ್ರೊಫೆಸರ್ ಲ್ಯಾಬ್‌ನಲ್ಲಿ ಪಾಟ್ ತೊಳೆಯೋ ಪಾರ್ಟ್‌ಟೈಮ್ ಕೆಲಸ ಆದ್ರೂ ಹಿಡಿದುಕೊಂಡವರಿಗೆ ಬೇಸಿಗೆ ಬಂದಾಗ ಹೆಸರು ಹೇಳೋರು ಒಬ್ರು ಇರ್ತಾರೆ. ಪಶ್ಚಿಮದ ಕಡೆ, ಅಂದ್ರೆ ಮ್ಯಾನಿಟೋಬಾ, ಸಸ್ಕಾಚೆವಾನ್, ಆಲ್ಬರ್ಟಾದ ಕನೋಲಾ ಸೀಮೆಗೆ ಹೋಗೋಕೂ ರೆಡಿ ಇರಿ. ಸಾಸಿವೆ ಜಾತಿಯ ಎಣ್ಣೆಕಾಳನ್ನ ಅಡುಗೆಗೆ ಒಗ್ಗೋ ಹಾಗೆ 1970ರ ದಶಕದಲ್ಲಿ ಅಲ್ಲೇ ತಿದ್ದಿ ಕನೋಲಾ ಮಾಡಿದ್ದು, ಈಗ ಕಣ್ಣು ಹಾಯಿಸಿದಷ್ಟು ದೂರ ಹಳದಿ. ಅಲ್ಲಿ ಕ್ಲಬ್‌ರೂಟ್ ಅನ್ನೋ ಬೇರುಗಂಟಿನ ರೋಗ 2003ರಲ್ಲಿ ಆಲ್ಬರ್ಟಾದ ಕನೋಲಾದಲ್ಲಿ ಕಾಣಿಸ್ಕೊಂಡ ಮೇಲೆ ಹೊಲದಿಂದ ಹೊಲಕ್ಕೆ ಹೋಗುವಾಗ ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಕೊಂಡು ಹೋಗೋ ಪದ್ಧತಿ ಬಂತು, ಮಣ್ಣಲ್ಲಿ ಅದರ ಬೀಜಾಣು ವರ್ಷಾನುಗಟ್ಟಲೆ ಬದುಕಿರುತ್ತೆ. ಬೂಟ್ ತೊಳೆಯದೆ ಮುಂದಿನ ಹೊಲಕ್ಕೆ ಕಾಲಿಟ್ಟ ಇಂಟರ್ನ್‌ನನ್ನ ಅಲ್ಲಿನ ರೈತರು ಗೇಟಿನಿಂದಲೇ ವಾಪಸ್ ಕಳಿಸ್ತಾರೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಎರಡನೇ ವರ್ಷ. ಇಲ್ಲಿ ಬಿಟ್ಟು ಅಲ್ಲಿ ಹೋಗಿ ಕೋ-ಆಪ್ ಡಿಗ್ರಿ ಸೇರ್ಲಾ?

ಬೇಡ. ಕೆಸಿಇಟಿ ಬರೆದು ಸಿಕ್ಕ ಸೀಟು, ಅಲ್ಲಿನ ಫೀಸಿನ ಮುಂದೆ ಇಲ್ಲಿನ ಫೀಸು ಏನೂ ಅಲ್ಲ. ನಾಲ್ಕನೇ ವರ್ಷ ಹಳ್ಳಿಯಲ್ಲಿದ್ದು ಮಾಡೋ ರಾವೆ ಕಾರ್ಯಕ್ರಮ ನಿಮಗೂ ಇದೆ, ಕೈಗಾರಿಕೆಗಳ ಜೊತೆಗಿನ ತರಬೇತಿನೂ ಇದೆ. ಸಂಬಳ ಇಲ್ಲ, ಸ್ಟೈಪೆಂಡ್ ಅಷ್ಟೇ, ಅದು ಒಪ್ಪೋ ಮಾತೇ. ಆದ್ರೆ ರೈತರ ಮನೆ ಜಗುಲಿ ಮೇಲೆ ಕೂತು ಕಡಲೆಗೆ ಸಿಡಿರೋಗ ಯಾಕೆ ಬಂತು ಅಂತ ಮಾತಾಡೋ ಅವಕಾಶ ಕೆನಡಾದಲ್ಲಿ ಯಾವ ಕೋ-ಆಪೂ ಕೊಡಲ್ಲ. ಕೆಲವರು ರಾವೆಯನ್ನ ಫೋಟೋ ತೆಗೆಸ್ಕೊಂಡು ಮುಗಿಸಿಬಿಡ್ತಾರೆ, ಬ್ಯಾನರ್ ಹಿಡ್ಕೊಂಡು ನಿಂತ ಫೋಟೋ ಹೊರತು ಬೇರೆ ಏನೂ ಉಳಿಯಲ್ಲ ಅವರ ಹತ್ರ, ಹಾಗೆ ಮಾಡ್ಬೇಡಿ. ಡಿಗ್ರಿ ಮುಗಿಸಿ ಥೀಸಿಸ್ ಇರೋ ಎಂಎಸ್ಸಿಗೆ ಹೋಗಿ. ಕೃಷಿಯಲ್ಲಿ ಥೀಸಿಸ್ ಎಂಎಸ್ಸಿ ಅಂದ್ರೆ ಸಾಮಾನ್ಯವಾಗಿ ಪ್ರೊಫೆಸರ್ ತಮ್ಮ ಪ್ರಾಜೆಕ್ಟ್ ದುಡ್ಡಲ್ಲಿ ನಿಮಗೆ ಸ್ಟೈಪೆಂಡ್ ಕೊಡ್ತಾರೆ, ಅದಕ್ಕೆ ಮೊದಲು ಪ್ರೊಫೆಸರ್ ಒಪ್ಪಬೇಕು, ಆಮೇಲೆ ಅಡ್ಮಿಷನ್ನು. ಇಮೇಲ್ ಬರೆಯುವಾಗ ರೆಸ್ಪೆಕ್ಟೆಡ್ ಸರ್ ಅಂತ ಐವತ್ತು ಜನಕ್ಕೆ ಒಂದೇ ಕಾಗದ ಕಳಿಸ್ಬೇಡಿ, ಅವರ ಕೆಲಸ ಓದಿ, ನೀವು ಪ್ಲಾಟಲ್ಲಿ ಏನು ಅಳೆದಿದ್ದೀರಿ ಅಂತ ಎರಡು ಪ್ಯಾರಾ ಬರೀರಿ. 2026ರ ಜನವರಿ 1ರಿಂದ ಸರ್ಕಾರಿ ಯೂನಿವರ್ಸಿಟಿಗಳ ಮಾಸ್ಟರ್ಸ್, ಪಿಎಚ್‌ಡಿಯವರಿಗೆ ಸ್ಟಡಿ ಪರ್ಮಿಟ್ ಅರ್ಜಿ ಜೊತೆ ಇಡೋ, ಪ್ರಾಂತ್ಯ ಸರ್ಕಾರದ ದೃಢೀಕರಣ ಪತ್ರದ ರಗಳೆಯಿಂದಲೂ ವಿನಾಯಿತಿ ಕೊಟ್ಟಿದ್ದಾರೆ, ಬಿಎಸ್ಸಿಗೆ ಹೋಗೋರಿಗೆ ಅದು ಬೇಕೇ ಬೇಕು. ಈ ವೀಸಾ ನಿಯಮಗಳು 2024ರಿಂದ ಈಚೆಗೆ ಎಷ್ಟು ಸಲ ಬದಲಾಗಿವೆ ಅಂದ್ರೆ ಯೂಟ್ಯೂಬ್ ನೋಡಿ ನಿರ್ಧಾರ ಮಾಡೋದು ಅಪಾಯ, ಕೆನಡಾ ಸರ್ಕಾರದ ವಲಸೆ ಇಲಾಖೆಯ ಸೈಟೇ ನೋಡಿ.

ಪ್ರಶ್ನೆ: ಮಗಳು ಬೇಸಿಗೆ ಕೋ-ಆಪ್‌ಗೆ ಒಂಟಾರಿಯೋದ ಹಳ್ಳಿ ಕಡೆ ಹೋಗ್ತಿದ್ದಾಳೆ. ಹಾವು ಗೀವು ಕಾಟ ಇದೆಯಾ? ಏನು ಪ್ಯಾಕ್ ಮಾಡಿ ಕಳಿಸ್ಲಿ? — ತಾಯಿ, ಹಾಸನ

ಹಾವಿಗಿಂತ ರಕ್ತ ಹೀರೋ ಉಣ್ಣೆ ಹುಳದ ಚಿಂತೆ ಮಾಡಿ ಅಮ್ಮ. ಅಲ್ಲಿ ಹುಲ್ಲು, ಪೊದೆ ಅಂಚಲ್ಲಿ ಇರೋ ಕಪ್ಪು ಕಾಲಿನ ಉಣ್ಣೆ ಕಚ್ಚಿದ್ರೆ ಲೈಮ್ ಅನ್ನೋ ಕಾಯಿಲೆ ಬರಬಹುದು. ತಿಳಿ ಬಣ್ಣದ ಉದ್ದ ಪ್ಯಾಂಟು, ಅದರ ತುದಿ ಕಾಲುಚೀಲದೊಳಗೆ ಸಿಗಿಸ್ಕೋಬೇಕು, ನೋಡೋಕೆ ಚೆನ್ನಾಗಿರಲ್ಲ, ಎಲ್ಲರೂ ಹಾಗೇ ಮಾಡ್ತಾರೆ. ಸಂಜೆ ಬಂದು ಮಂಡಿ ಹಿಂದೆ, ಕುತ್ತಿಗೆ, ಕೂದಲ ಬುಡ ಎಲ್ಲಾ ನೋಡ್ಕೋಬೇಕು, ಕಚ್ಚಿಕೊಂಡಿದ್ರೆ ಚಿಮುಟದಲ್ಲಿ ಚರ್ಮದ ಹತ್ರ ಹಿಡಿದು ನೇರ ಮೇಲಕ್ಕೆ ಎಳೀಬೇಕು, ಎಣ್ಣೆ ಹಚ್ಚೋದು ಬೆಂಕಿ ತೋರಿಸೋದು ಬೇಡ. ಔಷಧಿ ಹೊಡೆದ ಹೊಲಕ್ಕೆ ಎಷ್ಟು ಗಂಟೆ ಒಳಗೆ ಹೋಗಬಾರದು ಅಂತ ಲೇಬಲ್ ಮೇಲೆ ಬರ್ದಿರುತ್ತೆ, ಅದನ್ನ ಕೇಳಿ ತಿಳ್ಕೊಳ್ಳೋ ಹಕ್ಕು ಅವಳಿಗಿದೆ, ಅಪಾಯ ಅನ್ನಿಸಿದ ಕೆಲಸಕ್ಕೆ ಆಗಲ್ಲ ಅನ್ನೋ ಹಕ್ಕೂ ಅಲ್ಲಿ ಕಾನೂನಲ್ಲೇ ಇದೆ, ಮೊದಲ ದಿನವೇ ಇದನ್ನ ಗಟ್ಟಿಯಾಗಿ ಕೇಳೋಕೆ ಹೇಳಿ. ಅಗಲ ಅಂಚಿನ ಟೋಪಿ ಒಂದು, ಹಳೇ ಕಾಟನ್ ಶರ್ಟ್ ನಾಲ್ಕು ಹಾಕಿ. ಉಪ್ಪಿನಕಾಯಿ ಬಾಟಲಿ ಮಾತ್ರ ಚೆನ್ನಾಗಿ ಟೇಪ್ ಸುತ್ತಿ ಕಳಿಸಿ, ಬೀಜ, ಸಸಿ, ತೋಟದ ಮಣ್ಣು ಯಾವುದನ್ನೂ ಹಾಕ್ಬೇಡಿ, ಏರ್‌ಪೋರ್ಟಲ್ಲಿ ಕಿತ್ಕೊಂಡು ದಂಡನೂ ಹಾಕ್ತಾರೆ, ಅದರಲ್ಲೂ ಪ್ಲಾಂಟ್ ಸೈನ್ಸ್ ಓದೋ ಹುಡುಗಿಯ ಬ್ಯಾಗಲ್ಲಿ ಇವು ಸಿಕ್ರೆ ಮಾನ ಹೋಗುತ್ತೆ.